ಆಶ್ರಯ ಕೇಂದ್ರದ ರಾತ್ರಿ ಪಾಳಿ: ಮೇಲ್ವಿಚಾರಕರಿಗೆ ಹಂತ ಹಂತದ ಮಾರ್ಗದರ್ಶಿ

ನಗರ ವಸತಿರಹಿತರ ಆಶ್ರಯ ಕೇಂದ್ರದ ಕಷ್ಟದ ಕೆಲಸವೆಲ್ಲ ನಡೆಯುವುದು ಮ್ಯಾನೇಜರ್ ಮನೆಗೆ ಹೋದ ಮೇಲೆ. ಹಗಲು ಹೊತ್ತು ಅಲ್ಲಿ ಇರುವವರು ನಾಲ್ಕೈದು ಜನ ವಯಸ್ಸಾದವರು, ಜ್ವರ ಬಂದು ಮಲಗಿದವರು. ರಾತ್ರಿ ಹತ್ತಾದರೆ ಹಾಲ್ ತುಂಬುತ್ತದೆ. ಆಗ ಎಚ್ಚರ ಇರುವವನು ಒಬ್ಬ ಕೇರ್‌ಟೇಕರ್. ಬಾಗಿಲು ಬಡಿದರೂ ಅವನೇ, ಯಾರಿಗಾದರೂ ಫಿಟ್ಸ್ ಬಂದರೂ ಅವನೇ, ಪೊಲೀಸರು ಬಂದರೂ ಅವನೇ.

ಅವನ ಮೇಲ್ವಿಚಾರಣೆ ಅಂದರೆ ರಾತ್ರಿ ಎರಡಕ್ಕೆ ಫೋನ್ ಮಾಡಿ ‘ಎಚ್ಚರ ಇದ್ದೀಯಾ’ ಎಂದು ಕೇಳುವುದು ಅಂತ ತುಂಬ ಜನ ತಿಳಿದಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಆ ಎರಡು ಗಂಟೆಗೆ ಅವನು ಏನು ಮಾಡಬೇಕು ಅನ್ನುವುದನ್ನು ನೀವು ಹಗಲಲ್ಲೇ ತೀರ್ಮಾನ ಮಾಡಿ, ಬರೆದು, ಅವನಿಗೆ ಅರ್ಥ ಆಗುವ ಹಾಗೆ ಹೇಳಿರಬೇಕು. ರಾತ್ರಿ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವು ಹಗಲಲ್ಲಿ ಯಾರೋ ಮಾಡದೆ ಬಿಟ್ಟ ಕೆಲಸದಿಂದ ಹುಟ್ಟಿದವು. ಈ ಬರಹ ಆ ಹಗಲಿನ ಕೆಲಸದ ಬಗ್ಗೆ. ಉದಾಹರಣೆಗಳು ಬೆಂಗಳೂರಿನವು. ಹುಬ್ಬಳ್ಳಿ, ಮೈಸೂರು, ಮಂಗಳೂರಿನಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ.

ಹಂತ 1: ಪಾಳಿಯ ಲೆಕ್ಕ ಮೊದಲು ಸರಿ ಮಾಡಿ

2024ರವರೆಗೆ ನಡೆದ ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ 50 ಜನರ ಕೇಂದ್ರಕ್ಕೆ ಒಬ್ಬ ಮ್ಯಾನೇಜರ್, ಮೂವರು ಕೇರ್‌ಟೇಕರ್, ತಲಾ ಎಂಟು ಗಂಟೆಯ ಪಾಳಿ ಎಂದಿತ್ತು. ಕೇಳುವುದಕ್ಕೆ ಚೆನ್ನಾಗಿದೆ. ಈಗ ಲೆಕ್ಕ ಹಾಕಿ. ದಿನಕ್ಕೆ ಮೂರು ಪಾಳಿ ಅಂದರೆ ವಾರಕ್ಕೆ 21. ಒಬ್ಬೊಬ್ಬರಿಗೂ ವಾರಕ್ಕೆ ಒಂದು ರಜೆ ಕೊಟ್ಟರೆ ಮೂವರಿಂದ ಸಿಗುವುದು 18 ಪಾಳಿ. ಯಾರಿಗೂ ಜ್ವರ ಬರದಿದ್ದರೂ, ಯಾರ ಮನೆಯಲ್ಲೂ ಮದುವೆ ಇಲ್ಲದಿದ್ದರೂ ಪ್ರತಿ ವಾರ ಮೂರು ಪಾಳಿ ಖಾಲಿ.

ಈ ಮೂರು ಪಾಳಿಗಳನ್ನು ಯಾರು ತುಂಬುತ್ತಿದ್ದಾರೆ ಅಂತ ನೋಡಿ. ಹೆಚ್ಚಿನ ಕಡೆ ರಾತ್ರಿಯವನೇ ಬೆಳಗ್ಗೆಯೂ ಮುಂದುವರಿಯುತ್ತಾನೆ, ಇಲ್ಲವೇ ಇಬ್ಬರು ಹನ್ನೆರಡು ಹನ್ನೆರಡು ಗಂಟೆ ಹಂಚಿಕೊಳ್ಳುತ್ತಾರೆ. ಆಮೇಲೆ ‘ರಾತ್ರಿ ನಿದ್ದೆ ಮಾಡ್ತಾನೆ’ ಅನ್ನುವ ದೂರು. ಹದಿನಾರು ಗಂಟೆ ದುಡಿದವನು ನಿದ್ದೆ ಮಾಡದೆ ಇನ್ನೇನು ಮಾಡಬೇಕು?

ಪರಿಹಾರ ಎರಡು. ವಾರಕ್ಕೆ ಮೂರು ಪಾಳಿಗೆ ಒಬ್ಬ ಬದಲಿ ಕೇರ್‌ಟೇಕರ್‌ನನ್ನು ಕಾಯಂ ಆಗಿ ಇಟ್ಟುಕೊಳ್ಳಿ. ಅಕ್ಕಪಕ್ಕದ ಎರಡು ಕೇಂದ್ರಗಳು ಸೇರಿ ಒಬ್ಬನನ್ನು ಹಂಚಿಕೊಂಡರೆ ಅವನಿಗೂ ಆರು ದಿನದ ಸಂಬಳ ಸಿಗುತ್ತದೆ. ದುಡ್ಡಿಲ್ಲ ಅಂದರೆ ಖಾಲಿ ಬೀಳುವ ಪಾಳಿಗಳು ಹಗಲಿಗೆ ಬರುವ ಹಾಗೆ ಪಟ್ಟಿ ಹಾಕಿ, ಆ ಹಗಲುಗಳನ್ನು ಮ್ಯಾನೇಜರ್ ಆಗಿ ನೀವು ನೋಡಿಕೊಳ್ಳಿ. ರಾತ್ರಿಯನ್ನು ಮಾತ್ರ ಡಬಲ್ ಡ್ಯೂಟಿಯಿಂದ ತುಂಬಬೇಡಿ. ದುಡ್ಡಿನ ಕಷ್ಟ ನನಗೂ ಗೊತ್ತು. ಅದೇ ಮಾರ್ಗಸೂಚಿ 50 ಜನರ ಕೇಂದ್ರಕ್ಕೆ ಇಟ್ಟಿದ್ದು ವರ್ಷಕ್ಕೆ 6 ಲಕ್ಷ ನಿರ್ವಹಣಾ ವೆಚ್ಚ. ತಿಂಗಳಿಗೆ 50 ಸಾವಿರ. ಸಂಬಳ, ಕರೆಂಟು, ನೀರು, ಫಿನಾಯಿಲು ಎಲ್ಲ ಅದರಲ್ಲೇ ಆಗಬೇಕಿತ್ತು. ಬದಲಿ ಆಳಿನ ಖರ್ಚನ್ನು ಪಾಲಿಕೆಗೆ ಕೇಳುವಾಗ ಮೇಲಿನ 21 ಮತ್ತು 18ರ ಲೆಕ್ಕವನ್ನೇ ಪತ್ರದಲ್ಲಿ ಬರೆಯಿರಿ. ‘ಸಿಬ್ಬಂದಿ ಕೊರತೆ ಇದೆ’ ಅಂತ ಬರೆದರೆ ಯಾರೂ ಓದುವುದಿಲ್ಲ.

ಇನ್ನು ಪಾಳಿ ಬದಲಾಗುವ ಹೊತ್ತು. ಪುಸ್ತಕದಲ್ಲಿ ರಾತ್ರಿ ಹತ್ತಕ್ಕೆ ಅಂತ ಇರುತ್ತದೆ. ಆದರೆ ಜನ ಬಂದು ಸಾಲು ನಿಲ್ಲುವ ಹೊತ್ತೂ ಅದೇ. ಒಂಬತ್ತಕ್ಕೆ ಬದಲಾಯಿಸಿ, ಅರ್ಧ ಗಂಟೆ ಇಬ್ಬರೂ ಇರುವಂತೆ ಮಾಡಿ, ಆ ಅರ್ಧ ಗಂಟೆಗೂ ಸಂಬಳ ಲೆಕ್ಕ ಹಾಕಿ. ಸಂಜೆಯವನಿಗೆ ಮನೆಗೆ ಹೋಗಲು ಬಸ್ಸೂ ಸಿಗುತ್ತದೆ. ಪಾಳಿ ಸುತ್ತಿಸುವುದಾದರೆ ಬೆಳಗ್ಗೆ, ಸಂಜೆ, ರಾತ್ರಿ ಅನ್ನುವ ಕ್ರಮದಲ್ಲಿ ಮುಂದಕ್ಕೆ ಸುತ್ತಿಸಿ. ರಾತ್ರಿ ಮುಗಿಸಿದವನನ್ನು ಅದೇ ದಿನ ಸಂಜೆಗೆ ಕರೆಯಬೇಡಿ. ಕೆಲವರು ಕಾಯಂ ರಾತ್ರಿಯೇ ಬೇಕು ಅನ್ನುತ್ತಾರೆ. ಕೊಡಬಹುದು. ಆದರೆ ಯಾಕೆ ಬೇಕು ಅಂತ ಒಮ್ಮೆ ವಿಚಾರಿಸಿ. ಹಗಲು ಆಟೊ ಓಡಿಸಿ ರಾತ್ರಿ ಇಲ್ಲಿಗೆ ಬರುವವನಾದರೆ, ನೀವು ಅವನ ನಿದ್ದೆಗೆ ಸಂಬಳ ಕೊಡುತ್ತಿದ್ದೀರಿ ಅಷ್ಟೇ.

ಹಂತ 2: ರಾತ್ರಿಗೆ ತಕ್ಕ ಮನುಷ್ಯನನ್ನು ಆರಿಸಿ

ಗಟ್ಟಿಮುಟ್ಟಾದ ಆಳು ಬೇಕು, ಸೆಕ್ಯುರಿಟಿ ಕೆಲಸ ಮಾಡಿದವನಾದರೆ ಒಳ್ಳೆಯದು ಅಂತ ಅನ್ನಿಸುತ್ತದೆ ಅಲ್ವಾ? ಅಂಥವರು ಜಗಳಕ್ಕೆ ಬೇಗ ಕೈ ಹಾಕುತ್ತಾರೆ. ದನಿ ಏರಿಸದೆ ಮಾತಾಡುವವನು, ಒಂದೇ ಮಾತನ್ನು ನಾಲ್ಕು ಸಲ ಹೇಳಿದರೂ ಬೇಸರ ಮಾಡಿಕೊಳ್ಳದವನು ಸಿಕ್ಕರೆ ಅವನನ್ನು ಹಿಡಿದುಕೊಳ್ಳಿ. ಕನ್ನಡದ ಜೊತೆ ಹಿಂದಿ ಬೇಕೇ ಬೇಕು. ತೆಲುಗು ಅಥವಾ ತಮಿಳು ಬಂದರೆ ಇನ್ನೂ ಅನುಕೂಲ. ಮೊಬೈಲ್‌ನಲ್ಲಿ ಮೆಸೇಜ್ ಓದಿ ಬರೆಯುವಷ್ಟು ಅಕ್ಷರ ಸಾಕು.

ಮೊದಲು ಅದೇ ಕೇಂದ್ರದಲ್ಲಿ ಮಲಗುತ್ತಿದ್ದವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಒಳ್ಳೆಯ ಪದ್ಧತಿ. ಯಾರ ಸಿಟ್ಟು ಎಷ್ಟು ಹೊತ್ತು ಇರುತ್ತದೆ ಅಂತ ಅವರಿಗೆ ಗೊತ್ತು. ತೊಂದರೆಯೂ ಇದೆ. ಹಳೆಯ ಕೈಸಾಲ, ಹಳೆಯ ದೋಸ್ತಿ, ಹಳೆಯ ಹಗೆ ಎಲ್ಲವೂ ಅವರ ಜೊತೆಗೇ ಬರುತ್ತವೆ. ಸಾಧ್ಯವಾದರೆ ಬೇರೆ ಕೇಂದ್ರದಲ್ಲಿ ಕೆಲಸ ಕೊಡಿ. ಯಾರೇ ಆಗಲಿ, ಮೊದಲ ವಾರ ಒಂಟಿಯಾಗಿ ರಾತ್ರಿಗೆ ಬಿಡಬೇಡಿ.

ಹೆಂಗಸರ ಕೇಂದ್ರದಲ್ಲಿ ರಾತ್ರಿ ಒಳಗಿರುವವರು ಹೆಂಗಸರೇ ಆಗಿರಬೇಕು. ಗಂಡು ಕಾವಲುಗಾರ ಇದ್ದರೆ ಗೇಟಿನ ಆಚೆ. ಅವರು ಮನೆಯಿಂದ ಬಂದು ಹೋಗುವ ದಾರಿಯೂ ನಿಮ್ಮ ಜವಾಬ್ದಾರಿ. ಕತ್ತಲಾಗುವ ಮೊದಲು ಬಂದು ಬೆಳಕು ಹರಿದ ಮೇಲೆ ಹೋಗುವ ಹಾಗೆ ಪಾಳಿ ಹೊಂದಿಸಿ.

ಹಂತ 3: ಬಾಗಿಲ ಹಾಳೆ ಬರೆಯಿರಿ

ನನ್ನ ಪ್ರಕಾರ ಇಡೀ ಕೆಲಸದ ಜೀವಾಳ ಇದು. ಒಂದೇ ಒಂದು ಹಾಳೆ. ದಪ್ಪ ಅಕ್ಷರ, ಬಾಗಿಲ ಪಕ್ಕ, ಮೇಜಿನ ಮೇಲ್ಗಡೆ ಅಂಟಿಸಿ. ಬಾಗಿಲು ಬಡಿದಾಗ ಎದುರಾಗುವ ಪ್ರಶ್ನೆಗಳಿಗೆಲ್ಲ ಅದರಲ್ಲಿ ಉತ್ತರ ಇರಬೇಕು. ಕೇರ್‌ಟೇಕರ್ ‘ರೂಲ್ಸ್ ಇದೆ ನೋಡಣ್ಣ’ ಅಂತ ಬೆರಳು ತೋರಿಸಿ ಹೇಳುವಂತಿರಬೇಕು. ಆಗ ಸಿಟ್ಟು ಹಾಳೆಯ ಮೇಲೆ ಹೋಗುತ್ತದೆ, ಅವನ ಮೇಲೆ ಬರುವುದಿಲ್ಲ.

ತಡವಾಗಿ ಬಂದವರು: ಇದರಲ್ಲಿ ಹಟ ಮಾಡಬೇಡಿ. ಮದುವೆ ಛತ್ರದಲ್ಲಿ ಬಡಿಸುವ ಹುಡುಗರು ಕೆಲಸ ಮುಗಿಸಿ, ಪಾತ್ರೆ ತೊಳೆದು, ಮಿಕ್ಕಿದ ಅನ್ನ ಕಟ್ಟಿಕೊಂಡು ಬರುವಾಗ ಒಂದೂವರೆ ಆಗುತ್ತದೆ. ಲಗ್ನದ ತಿಂಗಳುಗಳಲ್ಲಂತೂ ದಿನಾ ಇದೇ ಕತೆ. ಕೆ.ಆರ್. ಮಾರ್ಕೆಟ್‌ನಲ್ಲಿ ಮೂಟೆ ಹೊರುವವರು ಬೆಳಗಿನ ಜಾವ ಮೂರಕ್ಕೇ ಎದ್ದು ಹೊರಡುತ್ತಾರೆ. ರಾಯಚೂರು, ಯಾದಗಿರಿ ಕಡೆಯ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಬಂದಿಳಿದವರು ಬೆಳಗಾಗುವ ಮುಂಚೆ ಬಾಗಿಲಿಗೆ ಬರಬಹುದು. ಹತ್ತೂವರೆಗೆ ಬೀಗ ಹಾಕಿ ‘ಟೈಮ್ ಆಯ್ತು’ ಅಂದರೆ ಕೇಂದ್ರ ಯಾರಿಗಾಗಿ ಇದೆಯೋ ಅವರೇ ಫುಟ್‌ಪಾತ್‌ಗೆ ಹೋಗುತ್ತಾರೆ. ಈ ಕೇಂದ್ರಗಳು 24 ಗಂಟೆಯೂ ತೆರೆದಿರಬೇಕು ಅಂತ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ತಡವಾಗಿ ಬರುವವರ ಹೆಸರನ್ನು ಸಂಜೆಯೇ ಬರೆಸಿಕೊಂಡು, ಬಾಗಿಲ ಹತ್ತಿರದ ನಾಲ್ಕೈದು ಹಾಸಿಗೆ ಅವರಿಗೆ ಬಿಡಿ. ಲೈಟ್ ಹಾಕದೆ, ಯಾರನ್ನೂ ತುಳಿಯದೆ ಬಂದು ಮಲಗುತ್ತಾರೆ.

ಆಧಾರ್ ಇಲ್ಲದವರು: ಒಳಗೆ ಬಿಡಿ. ಹೇಳಿದ ಹೆಸರು, ಅಂದಾಜು ವಯಸ್ಸು, ಊರು ಬರೆದುಕೊಂಡರೆ ಸಾಕು. ದಾಖಲೆ ಮಾಡಿಸುವುದು ಹಗಲಿನವರ ಕೆಲಸ.

ಕುಡಿದು ಬಂದವರು: ವಾಸನೆ ನೋಡಿ ತೀರ್ಮಾನ ಮಾಡಬೇಡಿ, ನಡವಳಿಕೆ ನೋಡಿ. ತಾನೇ ನಡೆದು ಬರುತ್ತಾನಾ? ಹೆಸರು ಹೇಳುತ್ತಾನಾ? ಸುಮ್ನೆ ಮಲಗುತ್ತಾನಾ? ಹಾಗಾದರೆ ಒಳಗೆ. ಬಾಟಲಿ ಹೊರಗೆ. ಕೂಗಾಡುತ್ತಿದ್ದರೆ ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟು, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಬೇಕು.

ಸಾಮಾನು: ಗಾರೆ ಕೆಲಸದವರ ಕರಣೆ, ಅಡುಗೆಯವರ ಚಾಕು, ಕ್ಷೌರದ ಬ್ಲೇಡು ಇವೆಲ್ಲ ಅವರ ಅನ್ನದ ದಾರಿ. ಕಿತ್ತುಕೊಳ್ಳುವ ಹಾಗಿಲ್ಲ, ತಲೆದಿಂಬಿನ ಕೆಳಗೆ ಇಡಲು ಬಿಡುವ ಹಾಗೂ ಇಲ್ಲ. ಒಂದು ಟ್ರಂಕ್, ಒಂದು ಬೀಗ, ನಂಬರ್ ಬರೆದ ಚೀಟಿ. ಬೆಳಗ್ಗೆ ಚೀಟಿ ಕೊಟ್ಟು ತೆಗೆದುಕೊಂಡು ಹೋಗಲಿ.

ಜಾಗ ತುಂಬಿದಾಗ: ಡಿಸೆಂಬರ್ ಚಳಿ, ಮೇ ತಿಂಗಳ ಗುಡುಗು ಮಳೆ ಬಂದರೆ 50ರ ಕಡೆ 60 ಜನ ಬರುತ್ತಾರೆ. ಎಷ್ಟು ಹೆಚ್ಚುವರಿ ಚಾಪೆ, ಎಲ್ಲಿ ಹಾಕಬೇಕು ಅಂತ ಅಂಕಿ ಹಾಕಿಯೇ ಬರೆಯಿರಿ. ಬಾಗಿಲಿಗೆ ಹೋಗುವ ದಾರಿ ಮಾತ್ರ ಖಾಲಿ ಇರಬೇಕು. ಅದಕ್ಕೂ ಮೇಲೆ ಬಂದರೆ ಹತ್ತಿರದ ಇನ್ನೊಂದು ಕೇಂದ್ರದ ರಾತ್ರಿ ನಂಬರ್ ಹಾಳೆಯಲ್ಲೇ ಇರಲಿ. ಫೋನ್ ಮಾಡಿ ಜಾಗ ಇದೆಯಾ ಅಂತ ಕೇಳಿಯೇ ಕಳಿಸಬೇಕು.

ಗಂಡಸರ ಕೇಂದ್ರಕ್ಕೆ ಹೆಂಗಸು ಅಥವಾ ಒಂಟಿ ಮಗು ಬಂದರೆ: ವಾಪಸ್ ಕಳಿಸುವಂತಿಲ್ಲ. ಆಫೀಸ್ ರೂಮಿನಲ್ಲಿ, ಬಾಗಿಲು ತೆರೆದಿಟ್ಟು, ಲೈಟ್ ಹಾಕಿ ಕೂರಿಸಬೇಕು. ಹೆಂಗಸಿಗಾಗಿ ಮಹಿಳಾ ಸಹಾಯವಾಣಿ 181, ಮಗುವಿಗಾಗಿ ಮಕ್ಕಳ ಸಹಾಯವಾಣಿ 1098, ಎರಡಕ್ಕೂ ನಿಮಗೂ ಫೋನ್. ಒಂಟಿ ಮಗು ಸಿಕ್ಕರೆ 24 ಗಂಟೆಯೊಳಗೆ ಸಂಬಂಧಪಟ್ಟವರಿಗೆ ತಿಳಿಸಲೇಬೇಕು ಅಂತ 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಬೆಳಗ್ಗೆ ನೋಡೋಣ ಅಂತ ಮಲಗಿಸಿಬಿಟ್ಟರೆ ಮಗು ಮುಂಜಾನೆ ಎದ್ದು ಹೋಗಿರುತ್ತದೆ.

ಹಾಳೆಯ ಕೊನೆಗೆ ನಿಮ್ಮ ನಂಬರ್, ನೀವು ಎತ್ತದಿದ್ದರೆ ಎರಡನೆಯವರ ನಂಬರ್, ಆಂಬುಲೆನ್ಸ್‌ಗೆ 108, ಪೊಲೀಸರಿಗೆ 112. ಯಾವುದಕ್ಕೆ ನಿಮ್ಮನ್ನು ಎಬ್ಬಿಸಬೇಕು, ಯಾವುದಕ್ಕೆ ಬೇಡ ಅನ್ನುವುದೂ ಇರಲಿ. ಎಬ್ಬಿಸಿದಾಗ ಬೈಯಬೇಡಿ. ಒಂದು ಸಲ ‘ಇಷ್ಟಕ್ಕೆಲ್ಲ ಫೋನ್ ಮಾಡ್ತೀಯಾ’ ಅಂದರೆ ಮುಂದೆ ನಿಜವಾದ ಆಪತ್ತು ಬಂದಾಗಲೂ ಅವನು ಫೋನ್ ಮಾಡುವುದಿಲ್ಲ.

ಹಂತ 4: ಪಾಳಿ ಒಪ್ಪಿಸುವುದನ್ನು ನಿಂತು ನೋಡಿ

ವಾರಕ್ಕೆ ಎರಡು ಸಲವಾದರೂ ರಾತ್ರಿ ಒಂಬತ್ತಕ್ಕೆ ಕೇಂದ್ರದಲ್ಲಿರಿ. ಮೇಜಿನ ಹತ್ತಿರ ಕೂತು ‘ಎಲ್ಲ ಸರಿ ಇದೆ ಕಣೋ, ಬರ್ತೀನಿ’ ಅಂತ ಬ್ಯಾಗ್ ಹೆಗಲಿಗೆ ಏರಿಸಿದರೆ ಅದು ಪಾಳಿ ಒಪ್ಪಿಸಿದಂತಲ್ಲ. ಇಬ್ಬರೂ ಹಾಲ್ ಸುತ್ತಬೇಕು. ಹಾಸಿಗೆ ಹಾಸಿಗೆಯ ಹತ್ತಿರ ನಿಂತು ಮಾತಾಡಬೇಕು. ಹೀಗೆ:

‘ಏಳನೇ ಚಾಪೆ ತಾತ, ಮಧ್ಯಾಹ್ನದಿಂದ ಊಟ ಮಾಡಿಲ್ಲ. ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಗೊಂಡಿದ್ದಾರೆ. ಹನ್ನೊಂದಕ್ಕೆ ಎಬ್ಬಿಸಿ ಏನಾದ್ರೂ ತಿನ್ಸು. ಹದಿನೆಂಟು, ಹೊಸಬರು, ಹಿಂದಿ ಮಾತ್ರ. ಕುಡಿತ ಬಿಟ್ಟು ಎರಡು ದಿನ ಅಂದ್ರು, ಕೈ ನಡುಗ್ತಿದೆ. ಇಪ್ಪತ್ತೆರಡು ಮತ್ತು ಇಪ್ಪತ್ತಮೂರು ಬೆಳಗ್ಗೆ ಚಾರ್ಜರ್ ವಿಷಯಕ್ಕೆ ಜಗಳ ಆಡಿದ್ದಾರೆ. ಒಬ್ಬರನ್ನು ಆ ಕಡೆ ಹಾಕಿದ್ದೀನಿ.’

ಇಷ್ಟೇ. ಹತ್ತು ನಿಮಿಷದ ಮಾತು. ಈ ಮೂರು ಸಂಗತಿ ಗೊತ್ತಿದ್ದರೆ ರಾತ್ರಿಯವನು ಆ ನಾಲ್ಕು ಜನರ ಮೇಲೆ ಕಣ್ಣಿಡುತ್ತಾನೆ. ಗೊತ್ತಿಲ್ಲದಿದ್ದರೆ ನಾಲ್ವರೂ ಕತ್ತಲಲ್ಲಿ ಮಲಗಿರುವ ಐವತ್ತು ಜನರಲ್ಲಿ ಸೇರಿಹೋಗುತ್ತಾರೆ. ಜೊತೆಗೆ ಬೀಗದ ಕೈ, ಟಾರ್ಚ್, ಚಾರ್ಜ್ ಆದ ಫೋನ್, ಅದರಲ್ಲಿ ಕರೆನ್ಸಿ, ಪ್ರಥಮ ಚಿಕಿತ್ಸೆಯ ಡಬ್ಬಿ, ಕೈಗವಸು ಎಣಿಸಿ ಸಹಿ ಹಾಕಲಿ.

ಹಂತ 5: ಸುತ್ತು ಹೊಡೆಯುವುದನ್ನು ಕಲಿಸಿ

ಗಂಟೆಗೊಂದು ಸುತ್ತು ಅಂತ ನಿಯಮ ಮಾಡಿದರೆ ರಿಜಿಸ್ಟರ್‌ನಲ್ಲಿ 11, 12, 1, 2 ಅಂತ ಸಾಲಾಗಿ ಟಿಕ್ ಬಿದ್ದಿರುತ್ತದೆ. ಎಲ್ಲ ಒಂದೇ ಇಂಕು, ಒಂದೇ ಓರೆ. ಬೆಳಗ್ಗೆ ಐದಕ್ಕೆ ಒಟ್ಟಿಗೆ ಹಾಕಿದ್ದು ಅಂತ ಯಾರಿಗೂ ಗೊತ್ತಾಗುತ್ತದೆ. ಟಿಕ್ ಬೇಡ. ಪ್ರತಿ ಸುತ್ತಿಗೂ ಕಂಡದ್ದೊಂದು ಬರೆಯಲಿ. ‘12.40, ಕಕ್ಕಸಿನ ಲೈಟ್ ಹೋಗಿದೆ’. ‘2.10, ಒಂಬತ್ತನೇ ಚಾಪೆ ಖಾಲಿ, ಹೊರಗೆ ಬೀಡಿ ಸೇದುತ್ತಿದ್ದರು’. ಸುಳ್ಳು ಬರೆಯುವುದು ನಿಜವಾಗಿ ನೋಡುವುದಕ್ಕಿಂತ ಕಷ್ಟ ಆಗಬೇಕು.

ಸುತ್ತಿನಲ್ಲಿ ನೋಡಬೇಕಾದ್ದು: ಉಸಿರು, ಕಿಟಕಿ, ಪ್ಲಗ್, ಕಕ್ಕಸು. ಟಾರ್ಚ್ ಮುಖಕ್ಕೆ ಬಿಡಬಾರದು, ಎದೆಯ ಹೊದಿಕೆ ಏರಿಳಿಯುತ್ತಿದೆಯಾ ಅಂತ ನೋಡಿದರೆ ಸಾಕು. ಚಳಿಗೆ ಎಲ್ಲ ಕಿಟಕಿ ಮುಚ್ಚಿಬಿಡುತ್ತಾರೆ. ಕ್ಷಯ ಹರಡುವುದೇ ಹಾಗೆ. ಎದುರು ಬದುರು ಎರಡು ಕಿಟಕಿ ಸ್ವಲ್ಪ ತೆರೆದಿರಲಿ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮುತ್ತಿರುವವರ ಹೆಸರನ್ನು ಹಗಲಿನವರಿಗೆ ಬರೆದಿಟ್ಟರೆ ಅವರು ಸರ್ಕಾರಿ ಆಸ್ಪತ್ರೆಗೆ ಕಫ ಪರೀಕ್ಷೆಗೆ ಕಳಿಸುತ್ತಾರೆ. ರಾತ್ರಿಯವನಿಗಿಂತ ಚೆನ್ನಾಗಿ ಕೆಮ್ಮು ಕೇಳಿಸಿಕೊಂಡವರು ಯಾರೂ ಇರುವುದಿಲ್ಲ.

ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹತ್ತು ಮೊಬೈಲ್ ಸಿಕ್ಕಿಸಿ, ಅದರ ಪಕ್ಕ ಸೊಳ್ಳೆಬತ್ತಿ, ಅದರ ಪಕ್ಕ ಕಂಬಳಿ. ಇಂಥದ್ದನ್ನು ನೋಡಿದ ತಕ್ಷಣ ತೆಗೆಸಬೇಕು. ಚಾರ್ಜಿಂಗ್‌ಗೆ ಗೋಡೆಗೆ ಹೊಡೆದ ಬೋರ್ಡ್ ಒಂದೇ ಜಾಗದಲ್ಲಿ, ಮೇಜಿನ ಎದುರು ಇರಲಿ. ಮೊಬೈಲ್ ಕಳ್ಳತನವೂ ಅರ್ಧ ಕಡಿಮೆ ಆಗುತ್ತದೆ. ಇನ್ನೊಂದು ಮಾತು ಒತ್ತಿ ಹೇಳುತ್ತೇನೆ. ಜನ ಮಲಗಿರುವಾಗ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ ಕೇರ್‌ಟೇಕರ್ ಟೀ ಕುಡಿಯಲು ಹೋಗುವಂತಿಲ್ಲ, ಎರಡೇ ನಿಮಿಷಕ್ಕೂ. ಒಳಗಿನ ಚಿಲಕ ಸಾಕು. ಬೀಗ ಇದ್ದರೆ ಕೀಲಿ ಬಾಗಿಲ ಪಕ್ಕದ ಮೊಳೆಯಲ್ಲೇ ನೇತಾಡಬೇಕು, ಜೇಬಿನಲ್ಲಲ್ಲ. ಟೀಗೆ ಫ್ಲಾಸ್ಕ್ ಕೊಡಿಸಿ.

ಹಂತ 6: ಆರೋಗ್ಯದ ಆಪತ್ತಿಗೆ ತಯಾರಿ ಮಾಡಿಸಿ

ಕೇರ್‌ಟೇಕರ್ ಡಾಕ್ಟರ್ ಅಲ್ಲ. ಯಾರಿಗೂ ಮಾತ್ರೆ ಕೊಡಬಾರದು, ತನ್ನ ಜೇಬಿನ ತಲೆನೋವಿನ ಮಾತ್ರೆಯನ್ನೂ. ಆದರೆ ನಾಲ್ಕು ಸಂದರ್ಭ ಅವನಿಗೆ ಬಾಯಿಪಾಠ ಆಗಿರಬೇಕು. ಹೇಳಿ ಬಿಟ್ಟರೆ ಸಾಲದು, ನೆಲದ ಮೇಲೆ ಮಲಗಿಸಿ ಮಾಡಿಸಿ ನೋಡಿ.

ಮೊದಲನೆಯದು, ಕುಡಿದು ಮಲಗಿದವರು. ಅಂಗಾತ ಮಲಗಿಸಬಾರದು, ಮಗ್ಗುಲಿಗೆ ತಿರುಗಿಸಬೇಕು. ವಾಂತಿ ಗಂಟಲಿಗೆ ಸಿಕ್ಕಿಕೊಂಡು ಉಸಿರು ಕಟ್ಟುವುದು ಹೀಗೇ. ಮೇಜಿನ ಹತ್ತಿರವೇ ಹಾಸಿಗೆ ಹಾಕಿ ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ನೋಡಬೇಕು. ಅಲುಗಾಡಿಸಿದರೂ ಎಚ್ಚರ ಆಗದಿದ್ದರೆ, ಉಸಿರು ತೀರಾ ನಿಧಾನ ಆದರೆ, ತುಟಿ ನೀಲಿಯಾದರೆ, ತಲೆಗೆ ಪೆಟ್ಟು ಕಂಡರೆ 108. ಸಕ್ಕರೆ ಇಳಿದು ತೊದಲುವವರೂ, ತಲೆಗೆ ಏಟು ಬಿದ್ದವರೂ ಕುಡಿದವರ ಹಾಗೇ ಕಾಣುತ್ತಾರೆ. ‘ಕುಡಿದಿದ್ದಾನೆ ಬಿಡು’ ಅನ್ನುವ ಮಾತೇ ನಿಮ್ಮ ಕೇಂದ್ರದಲ್ಲಿ ಕೇಳಬಾರದು.

ಎರಡನೆಯದು, ಕುಡಿತ ಬಿಟ್ಟವರು. ಇದು ಗೊತ್ತಿರುವವರು ಕಡಿಮೆ. ವರ್ಷಗಟ್ಟಲೆ ದಿನಾ ಕುಡಿದವನು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೇ ಮೂರನೇ ರಾತ್ರಿ ಮೈ ಬೆವರಿ, ಕೈ ನಡುಗಿ, ಇಲ್ಲದ ಹುಳ ಹಾವು ಕಾಣಬಹುದು. ಅಕ್ಕಪಕ್ಕದವರು ದೆವ್ವ ಅನ್ನುತ್ತಾರೆ. ಇದು ಪ್ರಾಣಕ್ಕೆ ಕುತ್ತು ತರುವ ಸ್ಥಿತಿ, ಆಸ್ಪತ್ರೆಗೆ ಹೋಗಲೇಬೇಕು.

ಮೂರನೆಯದು, ಫಿಟ್ಸ್. ಕೈಗೆ ಬೀಗದ ಕೀಲಿ ಕೊಡುವುದು, ಬಾಯಿಗೆ ಚಮಚ ತುರುಕುವುದು, ಈರುಳ್ಳಿ ಮೂಸಿಸುವುದು, ನೀರು ಕುಡಿಸುವುದು ಯಾವುದೂ ಬೇಡ. ಸುತ್ತಲಿನ ಸಾಮಾನು ಸರಿಸಿ, ತಲೆಯ ಕೆಳಗೆ ಮೆತ್ತಗಿನದ್ದು ಇಟ್ಟು, ಗಡಿಯಾರ ನೋಡಬೇಕು. ನಿಂತ ಮೇಲೆ ಮಗ್ಗುಲಿಗೆ ತಿರುಗಿಸಬೇಕು. ಐದು ನಿಮಿಷ ದಾಟಿದರೆ, ನಿಂತು ಮತ್ತೆ ಬಂದರೆ, ಮೊದಲ ಸಲ ಬಂದದ್ದಾದರೆ 108.

ನಾಲ್ಕನೆಯದು ಎದೆನೋವು. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸಿ ಕೂರಿಸಬಾರದು. ಫೋನ್ ಮಾಡಬೇಕು, ಅಷ್ಟೇ.

ಆಂಬುಲೆನ್ಸ್ ಬಂದರೆ ಜೊತೆಗೆ ಯಾರು ಹೋಗಬೇಕು? ಒಬ್ಬನೇ ಕೇರ್‌ಟೇಕರ್ ಹೋದರೆ ಕೇಂದ್ರ ಅನಾಥ. ಯಾರೂ ಹೋಗದಿದ್ದರೆ ಆಸ್ಪತ್ರೆಯಲ್ಲಿ ರೋಗಿ ಅನಾಥ. ಅಲ್ಲೇ ಮಲಗುವವರಲ್ಲಿ ನಂಬಿಕಸ್ಥರಾದ ಇಬ್ಬರು ಮೂವರನ್ನು ಮೊದಲೇ ಗೊತ್ತು ಮಾಡಿ, ಹೋಗಿಬರುವ ಆಟೊ ಖರ್ಚಿಗೆ ಮೇಜಿನ ಡ್ರಾಯರ್‌ನಲ್ಲಿ ಸ್ವಲ್ಪ ದುಡ್ಡು ಇಡಿ.

ಹಂತ 7: ಜಗಳ, ಪೊಲೀಸ್ ಮತ್ತು ಬೆದರಿಕೆ

ಜಗಳಕ್ಕೆ ಕಾರಣ ಸಣ್ಣದೇ. ಫ್ಯಾನ್, ಚಾಪೆಯ ಜಾಗ, ಬೀಡಿ, ಗೊರಕೆ. ಕೇರ್‌ಟೇಕರ್ ನಡುವೆ ನುಗ್ಗಬಾರದು. ಲೈಟ್ ಹಾಕಿ, ಒಬ್ಬರನ್ನು ಹೆಸರು ಹಿಡಿದು ಕರೆದು, ‘ಬನ್ನಿ ಅಣ್ಣ, ಹೊರಗೆ ಮಾತಾಡೋಣ’ ಅಂತ ಬಾಗಿಲ ಕಡೆ ಕರೆತರಬೇಕು. ಹೆಸರು, ಅಣ್ಣ, ತಾತ, ಅಕ್ಕ ಅನ್ನುವ ಮಾತುಗಳಿಗೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬಲ ಇದೆ. ‘ಏಯ್’, ‘ಲೋ’ ಅಂತ ಕರೆಯುವ ಕೇರ್‌ಟೇಕರ್‌ನ ಪಾಳಿಯಲ್ಲೇ ಜಗಳ ಜಾಸ್ತಿ. ಬೇಕಾದರೆ ಲಾಗ್ ಪುಸ್ತಕ ತೆಗೆದು ಹೋಲಿಸಿ ನೋಡಿ. ಕೈಗೆ ಆಯುಧ ಬಂದರೆ ಮಾತು ಮುಗಿಯಿತು. ಉಳಿದವರನ್ನು ಹೊರಗೆ ಕಳಿಸಿ 112. ಬೆಂಗಳೂರಿನಲ್ಲಾದರೆ ಪೊಲೀಸರ ಹೊಯ್ಸಳ ಗಸ್ತು ಗಾಡಿ ಬರುತ್ತದೆ. ಠಾಣೆಯ ಬೀಟ್ ಸಿಬ್ಬಂದಿಯನ್ನು ಹಗಲಲ್ಲೇ ಒಮ್ಮೆ ಕರೆದು ಟೀ ಕೊಟ್ಟು, ನಿಮ್ಮ ಕೇರ್‌ಟೇಕರ್‌ಗಳ ಮುಖ ಪರಿಚಯ ಮಾಡಿಸಿ.

ಪೊಲೀಸರು ರಾತ್ರಿ ತಪಾಸಣೆಗೆ ಬಂದರೆ ತಡೆಯಬಾರದು. ಬಂದವರ ಹೆಸರು, ಠಾಣೆ, ಸಮಯ ಬರೆದುಕೊಂಡು ನಿಮಗೆ ಫೋನ್ ಮಾಡಬೇಕು. ಯಾರನ್ನಾದರೂ ಕರೆದುಕೊಂಡು ಹೋದರೆ ಯಾರನ್ನು, ಎಲ್ಲಿಗೆ, ಯಾಕೆ ಅನ್ನುವುದೂ ಪುಸ್ತಕದಲ್ಲಿ ಬರಬೇಕು.

ಮಾನಸಿಕ ಅಸ್ವಸ್ಥತೆ ಇರುವವರ ವಿಷಯದಲ್ಲಿ ಬೇರೆಯದೇ ತಾಳ್ಮೆ ಬೇಕು. ತಮ್ಮಷ್ಟಕ್ಕೆ ಮಾತಾಡಿಕೊಂಡು ಕೂತವರು ಯಾರಿಗೂ ತೊಂದರೆ ಕೊಡುವುದಿಲ್ಲ. ಮೂಲೆಯ ಜಾಗ ಕೊಟ್ಟು ಬಿಟ್ಟುಬಿಡಿ. ತನಗೋ ಬೇರೆಯವರಿಗೋ ಅಪಾಯ ಮಾಡುವಂತಿದ್ದರೆ 112. ಬೀದಿಯಲ್ಲಿ ಅಲೆಯುವ ಇಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಪೊಲೀಸರ ಕರ್ತವ್ಯ. ಅವರನ್ನು ಲಾಕಪ್‌ನಲ್ಲಿ ಇಡುವಂತಿಲ್ಲ. ಈ ಎರಡು ಸಾಲು ನಿಮ್ಮ ಕೇರ್‌ಟೇಕರ್‌ಗೆ ಗೊತ್ತಿದ್ದರೆ ಅವನು ಧೈರ್ಯವಾಗಿ ಮಾತಾಡುತ್ತಾನೆ.

ಇನ್ನು ಬೆದರಿಕೆ. ‘ಸುಮ್ನೆ ಮಲಗ್ತೀಯೋ ಇಲ್ಲ ಬೆಗ್ಗರ್ಸ್ ಕಾಲೊನಿಗೆ ಹಿಡಿಸ್ಲೋ?’ ಬೆಂಗಳೂರಿನ ಬೀದಿಯಲ್ಲಿ ಮಲಗಿದವರಿಗೆ ಇದಕ್ಕಿಂತ ದೊಡ್ಡ ಹೆದರಿಕೆ ಇಲ್ಲ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದವರನ್ನು ಮಾಗಡಿ ರಸ್ತೆಯ ಕೇಂದ್ರದಲ್ಲಿ ಇಡುತ್ತಾರೆ. 2010ರ ಆಗಸ್ಟ್‌ನಲ್ಲಿ ಅಲ್ಲಿ ಸಾಲು ಸಾಲು ಸಾವಾದದ್ದು ಹಳಬರಿಗೆ ಇನ್ನೂ ನೆನಪಿದೆ. ನಿಮ್ಮ ಕೇಂದ್ರಕ್ಕೆ ಬರುವವರು ತಾವಾಗಿ ಬಂದವರು, ಬೇಕಾದಾಗ ಎದ್ದು ಹೋಗುವವರು. ಆ ಬೆದರಿಕೆ ಹಾಕಿದ ಕೇರ್‌ಟೇಕರ್‌ಗೆ ಮೊದಲ ಸಲವೇ ಲಿಖಿತ ಎಚ್ಚರಿಕೆ ಕೊಡಿ. ಹೊಡೆದರೆ, ಹಾಸಿಗೆಗೆ ಹತ್ತು ಇಪ್ಪತ್ತು ರೂಪಾಯಿ ಕಿತ್ತರೆ ಕೆಲಸದಿಂದ ತೆಗೆಯಿರಿ. ಇದರಲ್ಲಿ ಎರಡನೇ ಅವಕಾಶ ಇಲ್ಲ.

ಇವೆಲ್ಲ ನಿಮಗೆ ಗೊತ್ತಾಗುವುದು ಹೇಗೆ? ಕೇರ್‌ಟೇಕರ್ ಇಲ್ಲದ ಹೊತ್ತಿನಲ್ಲಿ, ಬೆಳಗ್ಗೆ ಆರರ ಹೊತ್ತಿಗೆ, ಹೊರಗಿನ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿರುವವರ ಜೊತೆ ಮಾತಾಡಿ. ಆಫೀಸಿಗೆ ಕರೆದು ಕೇಳಿದರೆ ‘ಎಲ್ಲ ಚೆನ್ನಾಗಿದೆ ಸಾರ್’ ಅಂತಲೇ ಹೇಳುತ್ತಾರೆ.

ಹಂತ 8: ಲಾಗ್ ಪುಸ್ತಕ ಓದಿ, ಓದಿದ್ದು ಗೊತ್ತಾಗಲಿ

ಯಾರೂ ಓದದ ಪುಸ್ತಕದಲ್ಲಿ ಯಾರೂ ಸರಿಯಾಗಿ ಬರೆಯುವುದಿಲ್ಲ. ಪ್ರತಿ ಬೆಳಗ್ಗೆ ಓದಿ, ಮಗ್ಗುಲಲ್ಲಿ ಒಂದು ಸಾಲು ಬರೆದು ಸಹಿ ಹಾಕಿ. ‘ಲೈಟ್ ಇವತ್ತು ಹಾಕಿಸುತ್ತೇನೆ’. ಹಾಕಿಸಿ ಕೂಡ. ‘ರಾತ್ರಿ ಗಲಾಟೆ ಆಯಿತು, ಸರಿ ಮಾಡಿದೆ’ ಅಂತ ಬರೆದವನಿಗೆ ಎದುರಿಗೆ ಕೂತು ಕೇಳಿ: ಎಷ್ಟು ಹೊತ್ತಿಗೆ? ಯಾರು ಯಾರು? ನೀನೇನು ಮಾಡಿದೆ? ಈಗ ಹೇಗಿದ್ದಾರೆ? ಮುಂದಿನ ಸಲ ತಾನಾಗಿ ಬರೆಯುತ್ತಾನೆ. ಕಂಡದ್ದು ಬರೆಯಲಿ, ಬೈಗುಳ ಬೇಡ. ‘ಕುಡುಕ, ಹುಚ್ಚ’ ಅನ್ನುವ ಪದಗಳಿಗೆ ಕೆಂಪು ಗೆರೆ ಎಳೆಯಿರಿ.

ಹಂತ 9: ದಿಢೀರ್ ಭೇಟಿ

ತಿಂಗಳಿಗೆ ಒಂದೆರಡು ಸಲ ರಾತ್ರಿ ಹೋಗಬೇಕು. ಮೂರರಿಂದ ಐದರ ನಡುವೆ ಹೋಗಿ. ಯಾರ ಮೈಗೇ ಆದರೂ ಅತಿ ಹೆಚ್ಚು ಜೋಂಪು ಹತ್ತುವ ಹೊತ್ತು ಅದು. ಹೋಗುವಾಗ ಬಿಸಿ ಟೀ ತೆಗೆದುಕೊಂಡು ಹೋಗಿ. ಹಿಡಿಯಲು ಬಂದ ಪೊಲೀಸನ ಥರ ಕಿಟಕಿಯಲ್ಲಿ ಇಣುಕಬೇಡಿ.

ನಿದ್ದೆ ಮಾಡುತ್ತಿದ್ದರೆ? ಅಲ್ಲಿ, ಆಗ, ಜನರ ಎದುರು ಕೂಗಾಡಬೇಡಿ. ಎಬ್ಬಿಸಿ, ಮುಖ ತೊಳೆಸಿ, ಜೊತೆಗೆ ಒಂದು ಸುತ್ತು ಹೊಡೆಯಿರಿ. ಮರುದಿನ ಸಂಜೆ ಮಾತಾಡಿ. ಎಷ್ಟು ದಿನದಿಂದ ರಜೆ ಇಲ್ಲ? ಹಗಲು ಬೇರೆ ಕೆಲಸ ಇದೆಯಾ? ಮನೆಯಲ್ಲಿ ಮಲಗಲು ಜಾಗ ಇದೆಯಾ? ಒಂದೇ ಕೋಣೆಯ ಮನೆಯಲ್ಲಿ, ಟಿವಿ ಮತ್ತು ಮಕ್ಕಳ ನಡುವೆ ಹಗಲು ನಿದ್ದೆ ಎಲ್ಲಿಂದ ಬರಬೇಕು? ಕಾರಣ ಪಾಳಿ ಪಟ್ಟಿಯಲ್ಲಿದ್ದರೆ ಪಟ್ಟಿ ಸರಿ ಮಾಡಿ. ಅವನಲ್ಲಿದ್ದರೆ ಎಚ್ಚರಿಕೆ ಕೊಡಿ, ಮತ್ತೆ ಮಾಡಿದರೆ ಹಗಲಿಗೆ ಹಾಕಿ. ಎಲ್ಲರಿಗೂ ಒಂದೇ ನಿಯಮ ಇರಲಿ. ನಿಮಗೆ ಬೇಕಾದವನಿಗೆ ಮಾಫಿ ಮಾಡಿದರೆ ಮರುದಿನವೇ ಊರೆಲ್ಲ ಗೊತ್ತಾಗಿರುತ್ತದೆ.

ಹಂತ 10: ಕೆಟ್ಟ ರಾತ್ರಿಯ ನಂತರ

ಕೇಂದ್ರದಲ್ಲಿ ಸಾವು ಸಂಭವಿಸುತ್ತದೆ. ವಯಸ್ಸಾದವರು, ಕಾಯಿಲೆಯವರು ಇರುವ ಜಾಗ. ಉಸಿರಿಲ್ಲ ಅನ್ನಿಸಿದರೆ ಎದೆ ಒತ್ತುತ್ತಲೇ 108ಕ್ಕೆ ಫೋನ್. ಸತ್ತಿದ್ದಾರೆ ಅಂತ ಹೇಳುವುದು ಡಾಕ್ಟರ್ ಕೆಲಸ. ಅವರು ಹೇಳಿದ ಮೇಲೆ 112 ಮತ್ತು ನಿಮಗೆ. ಶವ ಅಲುಗಾಡಿಸಬಾರದು, ಸುತ್ತ ಬೆಡ್‌ಶೀಟ್ ಮರೆ ಕಟ್ಟಬೇಕು. ಜೇಬಿನ ದುಡ್ಡು, ಮೊಬೈಲ್, ಚೀಲದ ಸಾಮಾನು ಯಾರೂ ಮುಟ್ಟಬಾರದು. ಪೊಲೀಸರ ಎದುರೇ ಪಟ್ಟಿ ಮಾಡಿಸಿ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಬೇಕು. ಯುಡಿಆರ್ (ಪೊಲೀಸರ ಅಸಹಜ ಸಾವಿನ ವರದಿ) ದಾಖಲಾದರೆ ಅದರ ನಂಬರ್ ಬರೆದುಕೊಳ್ಳಿ. ಮುಂದೆ ಊರಿನಿಂದ ಮನೆಯವರು ಹುಡುಕಿಕೊಂಡು ಬಂದಾಗ ಅವರಿಗೆ ಸಿಗುವ ಎಳೆ ಅದೊಂದೇ.

ಅಂಥ ರಾತ್ರಿ ನೀವು ಹೋಗಲೇಬೇಕು, ಎಷ್ಟು ಹೊತ್ತಾಗಿದ್ದರೂ. ಠಾಣೆಯಲ್ಲಿ ಹೇಳಿಕೆ ಕೊಡುವಾಗ ಕೇರ್‌ಟೇಕರ್ ಪಕ್ಕದಲ್ಲಿ ನೀವಿರಬೇಕು. ಮರುದಿನ ಅವನಿಗೆ ಸಂಬಳ ಸಹಿತ ರಜೆ ಕೊಡಿ. ಎರಡು ಮೂರು ದಿನ ಬಿಟ್ಟು ಸುಮ್ನೆ ಜೊತೆಗೆ ಕೂತು ಏನಾಯಿತು ಅಂತ ಕೇಳಿ. ನಿದ್ದೆ ಬರುತ್ತಿಲ್ಲ, ಆ ಚಾಪೆ ಕಡೆ ಹೋಗಲು ಆಗುತ್ತಿಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಹಂತ 11: ತಿಂಗಳ ಸಭೆ ರಾತ್ರಿಯವರ ಹೊತ್ತಿಗೆ

ಸಭೆಯನ್ನು ಬೆಳಗ್ಗೆ ಹನ್ನೊಂದಕ್ಕೆ ಇಟ್ಟು ‘ರಾತ್ರಿಯವರು ಬರೋದೇ ಇಲ್ಲ’ ಅನ್ನಬೇಡಿ. ಅವರಿಗೆ ಅದು ನಡುರಾತ್ರಿ. ಸಂಜೆ ಏಳೂವರೆಗೆ ಇಡಿ. ಸಭೆಯ ಹೊತ್ತಿಗೂ ಸಂಬಳ, ಒಂದು ಪ್ಲೇಟ್ ತಿಂಡಿ. ಅನುದಾನ ತಡವಾಗಿ ಸಂಬಳ ನಿಂತಿದ್ದರೆ ಅದನ್ನೇ ಮೊದಲು ಹೇಳಿ. ಯಾವಾಗ ಬರಬಹುದು, ಬರದಿದ್ದರೆ ಏನು ಮಾಡುತ್ತೀರಿ ಅಂತ ತಿಳಿಸಿ. ಅದನ್ನು ಬಚ್ಚಿಟ್ಟು ಶಿಸ್ತಿನ ಪಾಠ ಮಾಡಿದರೆ ಯಾರ ಕಿವಿಗೂ ಹೋಗುವುದಿಲ್ಲ.

ಆಮೇಲೆ ಬಾಗಿಲ ಹಾಳೆ ತೆಗೆದು ಎಲ್ಲರ ಎದುರು ಓದಿ. ಈ ತಿಂಗಳು ಹಾಳೆಯಲ್ಲಿ ಉತ್ತರ ಸಿಗದ ಸಂದರ್ಭ ಯಾವುದು ಬಂತು ಅಂತ ಕೇಳಿ. ಖಂಡಿತ ಒಂದೆರಡು ಇರುತ್ತವೆ. ನಾಯಿ ಜೊತೆ ಬಂದವರು, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಗಾಯದ ಬ್ಯಾಂಡೇಜ್ ಸಮೇತ ಆಟೊದಲ್ಲಿ ಬಂದಿಳಿದವರು, ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬಂದವರು. ಪ್ರತಿಯೊಂದಕ್ಕೂ ಏನು ಮಾಡಬೇಕು ಅಂತ ಅಲ್ಲೇ ತೀರ್ಮಾನಿಸಿ, ಹಾಳೆಗೆ ಸೇರಿಸಿ, ತಾರೀಖು ಹಾಕಿ, ಹಳೆಯದನ್ನು ಹರಿದು ಹೊಸದು ಅಂಟಿಸಿ. ಎರಡೂ ಒಟ್ಟಿಗೆ ಗೋಡೆಯಲ್ಲಿ ಉಳಿದರೆ ಯಾವುದು ಸರಿ ಅನ್ನುವ ವಾದ ಆ ರಾತ್ರಿಯೇ ಶುರುವಾಗುತ್ತದೆ.